ಗೇಮಿಂಗ್ ಪಿಸಿ ನೀವೇ ಜೋಡಿಸಿ, ಮುಂದಿನ ಅಪ್‌ಗ್ರೇಡ್‌ಗೂ ಜಾಗ ಬಿಡಿ

ನಾನು ಮೊದಲ ಸಲ ಪಿಸಿ ಜೋಡಿಸಿದಾಗ ಫ್ಯಾನ್ ತಿರುಗಿದವು, ಲೈಟು ಹತ್ತಿತು, ವಿಂಡೋಸ್ ಕೂಡ ಬಂತು. ಗೇಮ್ ಮಾತ್ರ ಹಳೇ ಲ್ಯಾಪ್‌ಟಾಪ್‌ಗಿಂತ ಕಡೆಯಾಗಿ ತೆವಳುತ್ತಿತ್ತು. ಎರಡು ದಿನ ಡ್ರೈವರ್ ಹಾಕಿ, ತೆಗೆದು, ಮತ್ತೆ ಹಾಕಿ ತಲೆ ಕೆಟ್ಟುಹೋಯಿತು. ಕೊನೆಗೆ ಹಿಂದೆ ಬಗ್ಗಿ ನೋಡಿದರೆ, ಮಾನಿಟರ್ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ (ಗೇಮಿನ ಚಿತ್ರ ಬಿಡಿಸುವ ಭಾಗ) ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ (ಎಲ್ಲ ಭಾಗ ಕೂರುವ ಮುಖ್ಯ ಹಲಗೆ) ಸಿಕ್ಕಿಸಿದ್ದೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ತಂದ ಭಾಗ ಎರಡು ದಿನ ಸುಮ್ನೆ ಕೂತಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಪಿಸಿ ಜೋಡಿಸುವ ಕೆಲಸದಲ್ಲಿ ಆಗುವ ತಪ್ಪುಗಳು ಹೆಚ್ಚಾಗಿ ಇಂಥವೇ. ಕೈಕೆಲಸ ಕಷ್ಟ ಇಲ್ಲ. ಒಂದು ಒಳ್ಳೆಯ ಸ್ಕ್ರೂಡ್ರೈವರ್, ಅರ್ಧ ದಿನ ಬಿಡುವು, ಸ್ವಲ್ಪ ತಾಳ್ಮೆ ಸಾಕು. ತಲೆ ಓಡಿಸಬೇಕಾದದ್ದು ಅದಕ್ಕೂ ಮೊದಲು, ಭಾಗಗಳನ್ನು ಆರಿಸುವಾಗ. ಮೂರ್ನಾಲ್ಕು ವರ್ಷ ಬಿಟ್ಟು ಇದರಲ್ಲಿ ಯಾವುದನ್ನು ಬದಲಾಯಿಸುತ್ತೀರಿ, ಆಗ ಅದೊಂದನ್ನೇ ತೆಗೆದು ಹಾಕಬಹುದಾ ಅಥವಾ ಅದರ ಜೊತೆ ಇನ್ನೂ ನಾಲ್ಕು ಬದಲಾಯಿಸಬೇಕಾ ಅನ್ನುವುದು ಇವತ್ತೇ ತೀರ್ಮಾನ ಆಗಿಬಿಡುತ್ತದೆ.

ಮಾನಿಟರ್‌ನಿಂದ ಶುರು ಮಾಡಿ

ಎಲ್ಲರೂ ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ನೀವು ಮಾನಿಟರ್‌ನಿಂದ ಶುರು ಮಾಡಿ. 1920×1080 ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ ಇರುತ್ತವೆ. 2560×1440 ಪರದೆಯಲ್ಲಿ ಸುಮಾರು 37 ಲಕ್ಷ. 4ಕೆ ಅಂದರೆ 83 ಲಕ್ಷ, ಮೊದಲಿನದರ ನಾಲ್ಕು ಪಟ್ಟು. ಪ್ರತಿ ಫ್ರೇಮಿಗೂ, ಅಂದರೆ ಪರದೆ ಮೇಲೆ ಬರುವ ಒಂದೊಂದು ಚಿತ್ರಕ್ಕೂ, ಇಷ್ಟನ್ನೂ ಬಣ್ಣ ತುಂಬಬೇಕಾದದ್ದು ಗ್ರಾಫಿಕ್ಸ್ ಕಾರ್ಡು.

ಇನ್ನೊಂದು ಕಡೆ ರಿಫ್ರೆಶ್ ರೇಟ್, ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಯಿಸುತ್ತದೆ ಅನ್ನುವ ಲೆಕ್ಕ, ಇದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬೇಕಿದ್ದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್ ಸಿಗುತ್ತದೆ. 144 ಬೇಕಿದ್ದರೆ ಏಳಕ್ಕೂ ಕಡಿಮೆ. ಅಷ್ಟರೊಳಗೆ ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿ ಬಿತ್ತು, ಗೋಡೆ ಹೇಗೆ ಒಡೆಯಿತು ಅಂತ ಲೆಕ್ಕ ಹಾಕಿ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುವುದು ಪ್ರೊಸೆಸರ್. ಹಾಗಾಗಿ 4ಕೆಯಲ್ಲಿ ಕಥೆ ಇರುವ ಗೇಮ್ ನಿಧಾನವಾಗಿ ಆಡುವವರು ದುಡ್ಡಿನ ದೊಡ್ಡ ಪಾಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಲಿ. 1080ರಲ್ಲಿ 240 ಹರ್ಟ್ಸ್ ಪರದೆ ಇಟ್ಟುಕೊಂಡು ಶೂಟಿಂಗ್ ಗೇಮ್ ಆಡುವವರು ಪ್ರೊಸೆಸರ್ ಮೇಲೆ ಕಂಜೂಸುತನ ಮಾಡಬಾರದು. ಇದು ಗೊತ್ತಿಲ್ಲದೆ ಕೊಂಡರೆ ಎತ್ತು ಏರಿಗೆ, ಕೋಣ ನೀರಿಗೆ.

ಸಾಕೆಟ್ ಆಯಸ್ಸು ನೋಡಿ

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಮದರ್‌ಬೋರ್ಡ್ ಕೊಳ್ಳುವಾಗ ನಿಜಕ್ಕೂ ಕೊಳ್ಳುತ್ತಿರುವುದು ಈ ಸಾಕೆಟ್ಟನ್ನೇ. ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್‌ಗಳು ಬಂದದ್ದು ಅದರ ಮೇಲೆ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂಡ ಅದೇ ಸಾಕೆಟ್. ಒಳಗೆ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ, ಗೇಮಿಗೆ ಹೇಳಿ ಮಾಡಿಸಿದಂಥ ಪ್ರೊಸೆಸರ್ ಅದು. ಹಳೇ ಬೋರ್ಡ್ ಇದ್ದ ಎಷ್ಟೋ ಜನ ಬಯೋಸ್ (ಬೋರ್ಡಿನ ಒಳಗಿರುವ, ಪಿಸಿ ಎಬ್ಬಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಇದನ್ನು ಹಾಕಿಕೊಂಡರು. ಬೋರ್ಡ್ ಅದೇ, ರ‍್ಯಾಮ್ ಅದೇ, ಕ್ಯಾಬಿನೆಟ್ ಅದೇ.

2022ರಲ್ಲೇ ಬಂದ ಎಎಂ5ರಲ್ಲಿ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ. ಇಂಟೆಲ್‌ನಲ್ಲಿ ಎಲ್‌ಜಿಎ1700 ಸಾಕೆಟ್ 12ನೇ ತಲೆಮಾರಿನಿಂದ 14ನೇ ತಲೆಮಾರಿನವರೆಗೆ ನಡೆಯಿತು. 2024ರಲ್ಲಿ ಎಲ್‌ಜಿಎ1851 ಬಂದ ಮೇಲೆ ಹೊಸ ಕೋರ್ ಅಲ್ಟ್ರಾ ಪ್ರೊಸೆಸರ್ ಹಳೇ ಬೋರ್ಡಿಗೆ ಕೂರುವುದಿಲ್ಲ. ಹಳೇ ಸಾಕೆಟ್ ಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಅಗ್ಗಕ್ಕೆ ಸಿಕ್ಕರೆ ಕೊಳ್ಳಿ, ಆದರೆ ಮುಂದಿನ ಸಲ ಬೋರ್ಡ್, ಪ್ರೊಸೆಸರ್, ಬಹುಶಃ ರ‍್ಯಾಮ್ ಕೂಡ ಒಟ್ಟಿಗೆ ಹೋಗುತ್ತದೆ ಅಂತ ಗೊತ್ತಿದ್ದು ಕೊಳ್ಳಿ.

ರ‍್ಯಾಮ್ ಯಾವಾಗಲೂ ಜೋಡಿಯಲ್ಲಿ ತನ್ನಿ. 32 ಜಿಬಿ ಬೇಕಿದ್ದರೆ 16ರ ಎರಡು. ಒಂದೇ ಕಡ್ಡಿ ಹಾಕಿದರೆ ಎರಡು ದಾರಿಯಲ್ಲಿ ಒಂದು ಖಾಲಿ ಬಿಟ್ಟಂತೆ, ಗೇಮಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಹಾಗಂತ ನಾಲ್ಕು ಸ್ಲಾಟೂ ತುಂಬಿಸಲು ಹೋಗಬೇಡಿ. ಡಿಡಿಆರ್5ರಲ್ಲಿ ನಾಲ್ಕು ಕಡ್ಡಿ ಹಾಕಿದರೆ ಸಾಮಾನ್ಯವಾಗಿ ವೇಗ ಇಳಿಸಬೇಕಾಗುತ್ತದೆ.

ಗೇಮ್, ವಿಂಡೋಸ್ ಎಲ್ಲ ಉಳಿಯುವ ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ನಾಲ್ಕನೇ ತಲೆಮಾರಿನ ಒಳ್ಳೆಯ ಎನ್‌ವಿಎಂಇ (ಹೊಸ ಬಗೆಯ ಎಸ್‌ಎಸ್‌ಡಿ) 7000ದ ಹತ್ತಿರ. ಆದರೂ ಗೇಮ್ ಹನ್ನೆರಡು ಪಟ್ಟು ಬೇಗ ತೆರೆಯುವುದಿಲ್ಲ, ಬಹಳಷ್ಟು ಗೇಮ್‌ಗಳಲ್ಲಿ ಕೆಲವು ಸೆಕೆಂಡಿನ ವ್ಯತ್ಯಾಸ ಅಷ್ಟೇ. ಐದನೇ ತಲೆಮಾರಿನದಕ್ಕೆ ಕೊಡುವ ದುಡ್ಡಿನಲ್ಲಿ ಜಾಗ ಜಾಸ್ತಿ ಇರುವ ನಾಲ್ಕನೇ ತಲೆಮಾರಿನದನ್ನು ತೆಗೆದುಕೊಳ್ಳಿ.

ಪವರ್ ಸಪ್ಲೈ ಮೇಲೆ ಉಳಿಸಬೇಡಿ

ದುಡ್ಡು ಸಾಲದೆ ಬಂದಾಗ ಎಲ್ಲರ ಕತ್ತರಿ ಮೊದಲು ಬೀಳುವುದು ಪವರ್ ಸಪ್ಲೈ ಮೇಲೆ. ಫ್ರೇಮ್ ಜಾಸ್ತಿ ಮಾಡಲ್ಲ, ಕಣ್ಣಿಗೂ ಕಾಣಲ್ಲ ಅಲ್ವಾ? ಆದರೆ ಪಿಸಿಯಲ್ಲಿ ಎಲ್ಲಕ್ಕಿಂತ ಹೆಚ್ಚು ವರ್ಷ ಉಳಿಯಬಲ್ಲ ಭಾಗ ಇದೇ, ಮತ್ತು ಮುಂದೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು ಅಂತ ನಿರ್ಧರಿಸುವುದೂ ಇದೇ. ಲೆಕ್ಕ ಸುಲಭ. ಎನ್‌ವಿಡಿಯಾ ಆರ್‌ಟಿಎಕ್ಸ್ 4070 ಕಾರ್ಡಿನ ಹಸಿವು 200 ವಾಟ್, 4090ರದು 450 ವಾಟ್. ಕಾರ್ಡಿನ ವಾಟ್, ಪ್ರೊಸೆಸರ್ ಪೂರ್ತಿ ಓಡುವಾಗ ಎಳೆಯುವ ವಾಟ್, ಮಿಕ್ಕಿದ್ದಕ್ಕೆಲ್ಲ ಒಂದು 100 ಸೇರಿಸಿ. ಅದರ ಮೇಲೆ ಧಾರಾಳವಾಗಿ ಬಿಡಿ, ಏಕೆಂದರೆ ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಲೆಕ್ಕ ಮೀರಿ ಕರೆಂಟ್ ಎಳೆಯುತ್ತವೆ. ಆ ಕ್ಷಣಕ್ಕೆ ತಾಳದ ಪವರ್ ಸಪ್ಲೈ ಇದ್ದರೆ ಗೇಮಿನ ನಡುವೆ ಪಿಸಿ ಪಟ್ ಅಂತ ಆಫ್ ಆಗುತ್ತದೆ.

80 ಪ್ಲಸ್ ಗೋಲ್ಡ್ ಅಂತ ಡಬ್ಬದ ಮೇಲಿರುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಒಳಗಿನ ಸಾಮಾನು ಗಟ್ಟಿಯಿದೆಯೋ ಇಲ್ಲವೋ ಅಂತಲ್ಲ. ವಾರಂಟಿ ಎಷ್ಟು ವರ್ಷ ಅಂತ ನೋಡಿದರೆ ಒಂದು ಅಂದಾಜು ಸಿಗುತ್ತದೆ.

ಕ್ಯಾಬಿನೆಟ್‌ಗೆ ಎರಡೇ ಅಳತೆ ನೋಡಿ, ಗ್ರಾಫಿಕ್ಸ್ ಕಾರ್ಡಿನ ಉದ್ದ ಮತ್ತು ಪ್ರೊಸೆಸರ್ ತಂಪು ಮಾಡುವ ಕೂಲರ್‌ನ ಎತ್ತರ. ಮುಂದುಗಡೆ ಗಾಜಿಗಿಂತ ಜಾಲರಿ ಇದ್ದರೆ ಒಳ್ಳೆಯದು. ಗಾಳಿ ಮುಂದಿನಿಂದ ಒಳಗೆ ಬಂದು ಹಿಂದೆ ಮತ್ತು ಮೇಲಿನಿಂದ ಹೊರಗೆ ಹೋಗಬೇಕು.

ಮೊದಲ ಅರ್ಧ ಕೆಲಸ ಮೇಜಿನ ಮೇಲೆ

ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲೇ ಇಟ್ಟು ಶುರು ಮಾಡಿ. ಮೊದಲು ಲೋಹದ ಯಾವುದಾದರೂ ವಸ್ತುವನ್ನು ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಹೋಗಲಿ.

ಪ್ರೊಸೆಸರ್ ಮೂಲೆಯಲ್ಲಿ ಚಿಕ್ಕ ತ್ರಿಕೋನ ಇರುತ್ತದೆ, ಸಾಕೆಟ್ ಮೇಲೂ ಇರುತ್ತದೆ. ಎರಡನ್ನೂ ಹೊಂದಿಸಿ ಸುಮ್ಮನೆ ಇಡಿ, ಒತ್ತಬೇಡಿ. ಈಗಿನ ಸಾಕೆಟ್‌ಗಳಲ್ಲಿ ಪಿನ್‌ಗಳು ಬೋರ್ಡಿನಲ್ಲೇ ಇರುತ್ತವೆ, ಕೂದಲಿನಷ್ಟು ಸಣ್ಣ, ಬೆರಳು ತಾಗಿದರೆ ಬಗ್ಗುತ್ತವೆ. ಆಮೇಲೆ ಸಾಕೆಟ್ ಪಕ್ಕದ ಸರಳನ್ನು ಇಳಿಸುವಾಗ ಮಾತ್ರ ಹೆದರಿಕೆ ಆಗುವಷ್ಟು ಬಲ ಬೇಕು. ಎಲ್ಲರಿಗೂ ಅಲ್ಲಿ ಒಂದು ಸಲ ಎದೆ ಢವಢವ ಅನ್ನುತ್ತದೆ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ರ‍್ಯಾಮ್ ಹಾಕುವುದಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಟಕ್ ಅನ್ನುವವರೆಗೂ ಒತ್ತಿ. ಬೋರ್ಡಿಗೇ ಕೂರುವ ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಕೆಳಗೆ ಒತ್ತಿ ಪುಟ್ಟ ಸ್ಕ್ರೂ ಬಿಗಿಯಿರಿ. ಮೇಲಿನ ಹೀಟ್‌ಸಿಂಕ್‌ನ ಪ್ಯಾಡಿಗೆ ಅಂಟಿರುವ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕುವುದನ್ನು ಮರೆಯಬೇಡಿ. ಕೂಲರ್ ತಳದಲ್ಲೂ ಅಂಥದ್ದೇ ಒಂದು ಹಾಳೆ ಇರುತ್ತದೆ, ಅದನ್ನು ತೆಗೆಯದೆ ಕೂರಿಸಿ ಪ್ರೊಸೆಸರ್ ಕುದಿಸಿದವರು ಕಡಿಮೆ ಇಲ್ಲ. ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೂಲರ್‌ನ ಸ್ಕ್ರೂಗಳನ್ನು ಒಂದೇ ಕಡೆ ಪೂರ್ತಿ ಬಿಗಿಯದೆ, ಎದುರು ಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪ ಹಾಕುತ್ತ ಹೋಗಿ.

ಈಗ ಬೋರ್ಡನ್ನು ಕ್ಯಾಬಿನೆಟ್‌ಗೆ ಇಳಿಸಿ. ಅದಕ್ಕೆ ಮೊದಲು ಹಿತ್ತಾಳೆ ಬಣ್ಣದ ಆಸರೆ ಕಂಬಗಳು ಬೋರ್ಡಿನ ತೂತುಗಳ ಕೆಳಗೇ ಇವೆಯಾ ಅಂತ ನೋಡಿ, ಒಂದು ಜಾಸ್ತಿ ಇದ್ದರೂ ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗಬಹುದು. ಹಿಂದಿನ ಐ/ಓ ಪಟ್ಟಿ (ಯುಎಸ್‌ಬಿ, ಆಡಿಯೋ ತೂತುಗಳಿರುವ ಲೋಹದ ತಗಡು) ಬೇರೆಯಾಗಿ ಬಂದಿದ್ದರೆ ಅದು ಮೊದಲು. ಪ್ರೊಸೆಸರ್‌ನ 8 ಪಿನ್ ಕೇಬಲ್ ಮೇಲಿನ ಮೂಲೆಯಲ್ಲಿ ಹೋಗುತ್ತದೆ, ಆಮೇಲೆ ಕೈ ತೂರಲು ಜಾಗ ಇರುವುದಿಲ್ಲ, ಅದನ್ನು ಬೇಗ ಸಿಕ್ಕಿಸಿಬಿಡಿ. ಪವರ್ ಬಟನ್‌ನ ಸಣ್ಣ ತಂತಿ ಹೇಗೆ ಹಾಕಿದರೂ ನಡೆಯುತ್ತದೆ, ಎಲ್‌ಇಡಿಯದು ಪ್ಲಸ್ ಮೈನಸ್ ನೋಡಿಯೇ ಹಾಕಬೇಕು.

ಕೊನೆಗೆ ಗ್ರಾಫಿಕ್ಸ್ ಕಾರ್ಡ್, ಮೇಲಿನ ಉದ್ದದ ಸ್ಲಾಟಿಗೆ. 2022ರಲ್ಲಿ 4090 ಬಂದ ಹೊಸತರಲ್ಲಿ ಅದರ 16 ಪಿನ್ ಕನೆಕ್ಟರ್ ಕರಗಿದ ಸುದ್ದಿ ನೆನಪಿರಬಹುದು. ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಂತ ಕೇಬಲ್ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಗಟ್ಟಿಯಾಗಿ ಒತ್ತಿ, ಎಡೆ ಕಾಣಬಾರದು, ಕನೆಕ್ಟರ್ ಬುಡದಲ್ಲೇ ಕೇಬಲ್ ಮಡಚಬಾರದು. ಹಳೇ 8 ಪಿನ್ ಇರುವ ಕಾರ್ಡಾದರೆ ಒಂದೊಂದಕ್ಕೆ ಬೇರೆ ಬೇರೆ ಕೇಬಲ್ ಎಳೆಯಿರಿ. ಮಾನಿಟರ್ ಕೇಬಲ್ ಎಲ್ಲಿಗೆ ಅಂತ ಮತ್ತೆ ಹೇಳಬೇಕಿಲ್ಲ ತಾನೇ?

ಸ್ವಿಚ್ ಒತ್ತಿದ ಮೇಲೆ

ಎಎಂ5 ಬೋರ್ಡ್ ಆದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ರ‍್ಯಾಮ್ ಜೊತೆ ಹೊಂದಿಕೊಳ್ಳಲು ಅದು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ, ಎದ್ದು ಹೋಗಿ ನೀರು ಕುಡಿದು ಬನ್ನಿ. ಆಮೇಲೂ ಏನೂ ಬರದಿದ್ದರೆ ಬೋರ್ಡಿನ ಅಂಚಿನಲ್ಲಿ ಸಿಪಿಯು (ಪ್ರೊಸೆಸರ್), ಡ್ರ್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್ ಕಾರ್ಡ್), ಬೂಟ್ (ಡ್ರೈವ್) ಅಂತ ಬರೆದ ಚಿಕ್ಕ ದೀಪಗಳಲ್ಲಿ ಯಾವುದು ಉರಿಯುತ್ತಿದೆ ನೋಡಿ, ತೊಂದರೆ ಅಲ್ಲಿದೆ. ಬಹಳ ಸಲ ರ‍್ಯಾಮ್ ತೆಗೆದು ಮತ್ತೆ ಗಟ್ಟಿಯಾಗಿ ಹಾಕಿದರೆ ಸರಿಹೋಗುತ್ತದೆ. ಫ್ಯಾನ್ ಕೂಡ ತಿರುಗದಿದ್ದರೆ ಪವರ್ ಸಪ್ಲೈ ಹಿಂದಿನ ಸ್ವಿಚ್ ನೋಡಿ. ನಗಬೇಡಿ, ನಾನೂ ನೋಡದೆ ಅರ್ಧ ಗಂಟೆ ಕಳೆದಿದ್ದೇನೆ.

ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡುವುದು ಕಡ್ಡಾಯ ಅಂದುಕೊಳ್ಳಿ. 6000 ಅಂತ ಬರೆದ ಡಿಡಿಆರ್5 ರ‍್ಯಾಮ್ ಇದನ್ನು ಆನ್ ಮಾಡುವವರೆಗೂ 4800ರ ಆಸುಪಾಸಿನಲ್ಲೇ ಓಡುತ್ತಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಂದೇ ಸಲಕ್ಕೆ ಪೂರ್ತಿ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಕೂಡ ಆನ್ ಇದೆಯಾ ನೋಡಿ. ವಿಂಡೋಸ್ ಬಂದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ ಬದಲಾಯಿಸಿ, ಇಲ್ಲದಿದ್ದರೆ 144 ಹರ್ಟ್ಸ್ ಮಾನಿಟರ್ ಸದ್ದಿಲ್ಲದೆ 60ರಲ್ಲೇ ಕೂತಿರಬಹುದು. ಬಿಸಿಯ ಬಗ್ಗೆ ಒಂದು ಮಾತು. ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರ್ ಪೂರ್ತಿ ಕೆಲಸದಲ್ಲಿ 95 ಡಿಗ್ರಿ ಮುಟ್ಟಿದರೆ ಹೆದರಬೇಡಿ, ಅದನ್ನು ಮಾಡಿರುವುದೇ ಹಾಗೆ. ಗೇಮ್ ಆಡುವಾಗ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ.

ಅಪ್‌ಗ್ರೇಡ್‌ಗೆ ಮೊದಲು ಪತ್ತೆದಾರಿ ಕೆಲಸ

ಎರಡು ಮೂರು ವರ್ಷ ಆಯಿತು, ಹೊಸ ಗೇಮ್ ಎಳೆದಾಡುತ್ತಿದೆ. ಕೂಡಲೇ ಗ್ರಾಫಿಕ್ಸ್ ಕಾರ್ಡ್ ಹುಡುಕಲು ಓಡಬೇಡಿ. ಯಾರಿಗಾಗಿ ಯಾರು ಕಾಯುತ್ತಿದ್ದಾರೆ ಅಂತ ಮೊದಲು ಪತ್ತೆ ಮಾಡಿ. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಬಳಕೆ ಎಷ್ಟಿದೆ ಅಂತ ಪರದೆಯ ಮೂಲೆಯಲ್ಲಿ ತೋರಿಸುವ ಸಾಫ್ಟ್‌ವೇರ್‌ಗಳಿವೆ, ಆಫ್ಟರ್‌ಬರ್ನರ್ ಬಹಳ ಜನ ಬಳಸುವಂಥದ್ದು. ಬಳಕೆ 95ರಿಂದ 99 ಶೇಕಡಾ ಇದ್ದರೆ ಕಾರ್ಡಿನ ಕೈಲಾದದ್ದು ಅಷ್ಟೇ. ಫ್ರೇಮಿಗೆ ಮಿತಿ ಹಾಕಿಲ್ಲದಿದ್ದರೂ ಅದು 60 ಶೇಕಡಾದಲ್ಲಿ ಆರಾಮಾಗಿದ್ದು ಫ್ರೇಮ್ ಏರುತ್ತಿಲ್ಲ ಅಂದರೆ ಅದು ಪ್ರೊಸೆಸರ್‌ಗಾಗಿ ಕಾಯುತ್ತಿದೆ. ಖಾತ್ರಿಗೆ ಗೇಮಿನ ರೆಸಲ್ಯೂಶನ್ ಇಳಿಸಿ ನೋಡಿ. ಫ್ರೇಮ್ ಜಾಸ್ತಿ ಆದರೆ ಕಾರ್ಡ್, ಹಾಗೇ ಇದ್ದರೆ ಪ್ರೊಸೆಸರ್.

ಇಲ್ಲೊಂದು ಮೋಸ ಇದೆ. ಪ್ರೊಸೆಸರ್ ಬಳಕೆ 30 ಶೇಕಡಾ ಅಂತ ತೋರಿಸಿದರೆ ಅದು ಬಿಡುವಾಗಿದೆ ಅಂತಲ್ಲ. ಎಂಟು ಕೋರ್‌ನಲ್ಲಿ ಒಂದು ಪೂರ್ತಿ ದಣಿದು, ಮಿಕ್ಕವು ಹರಟೆ ಹೊಡೆಯುತ್ತಿದ್ದರೂ ಸರಾಸರಿ ಕಡಿಮೆಯೇ ಬರುತ್ತದೆ. ಫ್ರೇಮ್ ಚೆನ್ನಾಗಿದ್ದು ನಡುನಡುವೆ ಮಾತ್ರ ಎಡವುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿರಬಹುದು, ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿದರೆ ಗೊತ್ತಾಗುತ್ತದೆ. ಫಿಲ್ಟರಿನಲ್ಲಿ ಕಟ್ಟಿದ ಧೂಳು ತೆಗೆದಿದ್ದಕ್ಕೇ ವೇಗ ಬಂದ ಪಿಸಿಗಳನ್ನೂ ನೋಡಿದ್ದೇನೆ.

ಪ್ರೊಸೆಸರ್ ಬದಲಾಯಿಸುವುದು ಅಂತಾದರೆ, ಹಳೆಯದು ಇನ್ನೂ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಹೊಸದನ್ನು ಹಾಕಿದ ಮೇಲೆ ಬೋರ್ಡಿಗೆ ಅದರ ಪರಿಚಯವೇ ಇಲ್ಲದಿದ್ದರೆ ಪಿಸಿ ಏಳುವುದೇ ಇಲ್ಲ. ಎಎಂ4 ಆದರೆ ಇನ್ನೊಂದು ಜಾಗ್ರತೆ. ಅದರಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗಿರುತ್ತವೆ, ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದುಕೊಂಡಿರುತ್ತದೆ, ಕೂಲರ್ ನೇರ ಎಳೆದರೆ ಪ್ರೊಸೆಸರ್ ಕೂಡ ಕಿತ್ತುಕೊಂಡು ಬರುತ್ತದೆ. ಸ್ವಲ್ಪ ಹೊತ್ತು ಪಿಸಿ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಚಿ ಎತ್ತಿ.

ಪವರ್ ಸಪ್ಲೈ ಬದಲಾಯಿಸಿದರೆ ಕೇಬಲ್‌ಗಳನ್ನೂ ಬದಲಾಯಿಸಿ. ಹಳೇ ಕೇಬಲ್ ನೀಟಾಗಿ ಕಟ್ಟಿದ್ದೀನಲ್ಲ, ಹೊಸ ಪವರ್ ಸಪ್ಲೈಗೂ ಸರಿಯಾಗಿ ಕೂರುತ್ತದಲ್ಲ ಅಂತ ಹಾಗೇ ಬಿಡಬೇಡಿ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಅನ್ನುವುದಕ್ಕೆ ಎಲ್ಲರಿಗೂ ಒಂದೇ ನಿಯಮ ಇಲ್ಲ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ನನ್ನ ಒಂದು ಹಾರ್ಡ್ ಡಿಸ್ಕ್ ಸುಟ್ಟಿದ್ದು ಇದೇ ಸೋಮಾರಿತನದಿಂದ.

ಬೋರ್ಡ್ ಅಥವಾ ಪ್ರೊಸೆಸರ್ ಬದಲಾಯಿಸುವ ಹಿಂದಿನ ದಿನ ಇನ್ನೊಂದು ಕೆಲಸ ಮಾಡಿ. ವಿಂಡೋಸ್ 11ರಲ್ಲಿ ಡ್ರೈವ್ ಎನ್‌ಕ್ರಿಪ್ಷನ್ (ಬಿಟ್‌ಲಾಕರ್ ಅನ್ನುವ ಬೀಗ) ತಾನಾಗಿಯೇ ಆನ್ ಆಗಿರಬಹುದು. ಹಾಗಿದ್ದರೆ ಹೊಸ ಭಾಗ ಕಂಡ ಕೂಡಲೇ ಅದು ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ, 48 ಅಂಕಿಯದು. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಡಿ. ಅದೇ ಪಿಸಿಯ ಡೆಸ್ಕ್‌ಟಾಪ್ ಮೇಲೆ ಉಳಿಸಿಟ್ಟರೆ, ಬೇಕಾದಾಗ ತೆರೆಯಲು ಆಗುವುದಿಲ್ಲ.