ಸುಗ್ಗಿ ತಂಡಕ್ಕೆ ತನ್ನದೇ ಹಾಡು ಕಟ್ಟುವ ಕ್ರಮ

ಅಂಕೋಲಾ, ಕಾರವಾರ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ಊರು ಸುತ್ತಿ ಕುಣಿಯುವ ಸುಗ್ಗಿ ತಂಡವೊಂದು ತನ್ನ ಗುರುತಿಗಾಗಿ ಹಾಡು ಕಟ್ಟಿಕೊಳ್ಳಲು ಬಯಸಿದರೆ, ಬ್ರೆಜಿಲ್‌ನ ರಿಯೋ ಡಿ ಜನೈರೊದ ಸಾಂಬಾ ಶಾಲೆಗಳ ಪದ್ಧತಿಯನ್ನು ಮೊದಲು ಅರಿಯುವುದು ಒಳ್ಳೆಯದು. ಒಂದೊಂದು ಬಡಾವಣೆಯ ಜನ ಸೇರಿ ಕಾರ್ನಿವಲ್ ಮೆರವಣಿಗೆಗಾಗಿ ವರ್ಷವಿಡೀ ದುಡಿಯುವ ಸಂಘಗಳವು. ಆಯಾ ವರ್ಷದ ಕಥಾವಸ್ತುವನ್ನು ಹೇಳುವ 'ಸಾಂಬಾ ಎನ್ರೆಡೊ' ಎಂಬ ಹಾಡು ಪ್ರತಿವರ್ಷ ಹೊಸದು. ಅದಕ್ಕೆ ತೀರ್ಪುಗಾರರು ಅಂಕ ಕೊಡುತ್ತಾರೆ. ಶಾಲೆಯನ್ನೇ ಕೊಂಡಾಡುವ ಹಾಡು ಬೇರೆಯೇ ಇರುತ್ತದೆ. ಅಂಕದ ಹಂಗಿಲ್ಲದ ಆ ಹಾಡನ್ನು, 1984ರಲ್ಲಿ ತೆರೆದ, ಮೆರವಣಿಗೆಗೆಂದೇ ಕಟ್ಟಿದ ಸಾಂಬಾಡ್ರೋಮ್‌ನ ಹಾದಿಗೆ ಕಾಲಿಡುವ ಮುನ್ನ ಎಲ್ಲರೂ ಒಟ್ಟಾಗಿ ಹಾಡಿ ಹುರುಪು ತುಂಬಿಕೊಳ್ಳುತ್ತಾರೆ.

ನಮ್ಮಲ್ಲಿಯೂ ಈ ಎರಡನ್ನು ಬೆರೆಸಬಾರದು. ಹಗರಣದ, ಅಂದರೆ ಸುಗ್ಗಿಯಲ್ಲಿ ವೇಷ ಕಟ್ಟಿ ತೋರಿಸುವ ಅಣಕು ಪ್ರದರ್ಶನದ, ವಸ್ತು ವರ್ಷವರ್ಷವೂ ಬದಲಾಗಬೇಕಾದದ್ದು. ತಂಡದ ಹಾಡು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದದ್ದು. ಆದ್ದರಿಂದ ಪದಾಧಿಕಾರಿಗಳ ಹೆಸರು, ಗೆದ್ದ ಬಹುಮಾನ, ದಾನಿಗಳ ಹೊಗಳಿಕೆ ಇವೊಂದನ್ನೂ ಅದರಲ್ಲಿ ಸೇರಿಸದೆ, ಊರಿನ ಹೆಸರು, ಹೊಳೆ, ಗುಡ್ಡ, ಗ್ರಾಮದೇವತೆ, ಕುಣಿಯುವವರು ತಲೆಗೆ ಕಟ್ಟುವ ತುರಾಯಿಯ ಬಣ್ಣಗಳನ್ನು ತನ್ನಿ. ರಿಯೋದ ಪೋರ್ಟೆಲಾ ಶಾಲೆಯ ಮೇಲೆ ಗಾಯಕ ಪೌಲಿನ್ಯೊ ಡ ವಿಯೋಲಾ 1970ರಲ್ಲಿ ಹೊರತಂದ ಹಾಡಿನಲ್ಲಿ ಶಾಲೆಯ ಹೆಸರೂ ಅದರ ನೀಲಿ ಬಣ್ಣವೂ ಇವೆ. ಕಾರ್ನಿವಲ್ ಸ್ಪರ್ಧೆಗೆಂದು ಬರೆದದ್ದಲ್ಲದಿದ್ದರೂ ಆ ಹಾಡನ್ನು ಜನರೇ ತಮ್ಮದಾಗಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ: ಸಂಘದ ಗೀತೆಯನ್ನು ಸಭೆಯ ಠರಾವಿನಿಂದ ಹೇರಲಾಗದು.

ಹಾಗಾಗಿ ಮೂರ್ನಾಲ್ಕು ಜನರಿಂದ ಹಾಡು ಕಟ್ಟಿಸಿ, ತಾಲೀಮಿನ ಸಂಜೆಗಳಲ್ಲಿ ಎಲ್ಲವನ್ನೂ ಹಾಡಿಸಿ, ಕಾಗದ ನೋಡದೆ ಜನ ಯಾವುದನ್ನು ಗುನುಗುತ್ತಾರೋ ಅದನ್ನೇ ಉಳಿಸಿಕೊಳ್ಳಿ. ಸಿನಿಮಾ ಹಾಡಿನ ಧಾಟಿ ಬೇಡ. ತಂಡದ ಗುಮಟೆಯ (ಮಣ್ಣಿನ ಮಡಕೆಯಂಥ ಚರ್ಮವಾದ್ಯದ) ಪೆಟ್ಟಿಗೆ ಒಗ್ಗುವ ಧಾಟಿಯೇ ಇರಲಿ. ಅಜ್ಜಿಯ ಕಂಠಕ್ಕೂ ಮಗುವಿನ ಕಂಠಕ್ಕೂ ಎಟುಕುವಷ್ಟೇ ಏರಿಳಿತವಿದ್ದು, ಎಲ್ಲರೂ ಎತ್ತಿಕೊಳ್ಳುವ ಎರಡು ಸಾಲಿನ ಸೊಲ್ಲು ಮರಳಿ ಮರಳಿ ಬರಬೇಕು. ಮಾತು ಊರಿನ ಆಡುಮಾತಿನದಾಗಿರಲಿ. ಕೊಂಕಣಿ ಮನೆಗಳಿರುವ ಕೇರಿಯಲ್ಲಿ ಕೊಂಕಣಿಯ ಒಂದು ನುಡಿ ಬಂದರೆ ಆ ಮನೆಗಳೂ ಹಾಡಿಗೆ ಹಕ್ಕುದಾರರಾಗುತ್ತವೆ.

ಹಾಡು ನೆಲೆನಿಂತ ಮೇಲೆ, ತಂಡ ಊರ ಸುತ್ತಲು ಹೊರಡುವ ಮುನ್ನ ದೇವಸ್ಥಾನದ ಅಂಗಳದಲ್ಲಿ ನಿಂತು ಹಾಡಿ. ರಿಯೋದಲ್ಲಿ ಹಿರಿಯ ಸಾಂಬಾ ಕಲಾವಿದರ ಶವಪೆಟ್ಟಿಗೆಗೆ ಶಾಲೆಯ ಬಾವುಟ ಹೊದಿಸಿ, ಹಾಡಿ ಬೀಳ್ಕೊಡುವ ರೂಢಿಯಿದೆ. ನಿಮ್ಮ ತಂಡದ ಹಿರಿಯರಿಗೂ ಆ ಗೌರವ ಸಲ್ಲಲಿ. ಪಲ್ಲವಿ, ಚರಣ, ಕಟ್ಟಿದವರ ಹೆಸರು, ವರ್ಷ ಇವನ್ನು ಸಂಘದ ವಹಿಯಲ್ಲಿ ಬರೆದಿಟ್ಟು, ಹಿರಿಯರ ದನಿಯಲ್ಲಿ ಒಮ್ಮೆ ಧ್ವನಿಮುದ್ರಿಸಿ, ಹೊಸದಾಗಿ ಸೇರುವ ಹುಡುಗರಿಗೆ ಹೆಜ್ಜೆ ಕಲಿಸುವ ಮೊದಲೇ ಈ ಹಾಡನ್ನು ಕಲಿಸಿ.