ಬಿಸಿಲೂರಿನಲ್ಲಿ ಹೂವಿನ ಕಿರೀಟ

ತಂಗಿ ಮಗಳ ಕುಬುಸ, ಅಂದರೆ ಸೀಮಂತ, ಏಪ್ರಿಲ್‌ನಲ್ಲಿ ಬಿತ್ತು. ನಮ್ಮ ಕಲಬುರಗಿಯಲ್ಲಿ ಆಗ 40 ಡಿಗ್ರಿ ದಾಟುವುದು ಮಾಮೂಲು. "ದೊಡ್ಡವ್ವಾ, ಹೂವಿನ ಕಿರೀಟ ನೀನೇ ಕಟ್ಟಬೇಕು ನೋಡು" ಅಂತ ಅವಳು ಮೊಬೈಲ್ ಮುಂದೆ ಹಿಡಿದಳು. ಫೋಟೊದಲ್ಲಿ ದೊಡ್ಡ ದೊಡ್ಡ ಗುಲಾಬಿ, ನಡುವೆ ಬಿಳಿ ಜಿಪ್ಸಿ ಹೂವು. ಚೆಂದವೇ, ಆದರೆ ಅದು ತಂಪು ಊರಿನ ಕಿರೀಟ.

ದಂಟು ಕತ್ತರಿಸಿ ತಂತಿಗೆ ಕಟ್ಟಿದ ಮೇಲೆ ಹೂವಿಗೆ ಕುಡಿಯಲು ನೀರು ಎಲ್ಲಿಂದ ಬರಬೇಕು? ತನ್ನೊಳಗೆ ಉಳಿದ ನೀರಿನಲ್ಲೇ ಅದು ದಿನ ತಳ್ಳಬೇಕು. ಹಾಗಾಗಿ ನಾನು ಮೊದಲು ಹೂವಿಗೇ ಪರೀಕ್ಷೆ ಇಟ್ಟೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆಯಿಂದ ಎಲ್ಲ ಜಾತಿಯ ಹೂವನ್ನೂ ಒಂದೊಂದು ಮುಷ್ಟಿ ತಂದೆ. ನೀರು ಹಾಕದೆ ತಟ್ಟೆಯಲ್ಲಿ ಹರಡಿ, ಪಡಸಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆತನಕ ಸುಮ್ನೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಗುಲಾಬಿಯ ಅಂಚು ಸುರುಟಿತು. ಅರಳಿದ ಮಲ್ಲಿಗೆ ಕಂದಿತು. ಸೇವಂತಿಗೆ ಜಗ್ಗಲಿಲ್ಲ. ಸುಗಂಧರಾಜದ ಎಸಳು ದಪ್ಪ, ಮೇಣ ಸವರಿದ ಹಾಗೆ ಇರುತ್ತದೆ. ಅದೂ ನಿಂತಿತು. ಅಬ್ಬಲಿಗೆ (ಕನಕಾಂಬರ) ಸ್ವಲ್ಪ ಮೆತ್ತಗಾಯಿತು, ಬಣ್ಣ ಮಾತ್ರ ಬಿಡಲಿಲ್ಲ.

ಹೂವು ಮಾರುವ ಅಕ್ಕನಿಗೆ ಇದನ್ನು ಹೇಳಿದರೆ ನಕ್ಕಳು. "ಗುಲಾಬಿ ಬ್ಯಾಡ್ರಿ ಅಕ್ಕಾರ, ಮಧ್ಯಾಹ್ನಕ್ಕ ಮಾರಿ ಬಾಡಸ್ತದ. ನನ್ನ ಕೇಳಿದ್ರ ಮೊದಲೇ ಹೇಳ್ತಿದ್ದೆ" ಅಂದಳು.

ಇನ್ನೊಂದು ಪರೀಕ್ಷೆ ಇತ್ತು. ಬಸುರಿಯ ಮೂಗಿನದು. ಸುಗಂಧರಾಜದ ವಾಸನೆ ಮುಚ್ಚಿದ ಕೋಣೆಯಲ್ಲಿ ಗಾಢವಾಗುತ್ತದೆ, ಅದೂ ಸಂಜೆಗೆ ಜಾಸ್ತಿ. ಒಂದು ಕಡ್ಡಿಯನ್ನು ಅವಳ ಹತ್ತಿರ ಇಟ್ಟು ನೋಡಿದೆವು. ಸ್ವಲ್ಪ ಹೊತ್ತಿಗೇ "ತಲಿ ಹಿಡೀತದ, ತೆಗಿ" ಅಂದಳು. ನಾವು ಸುತ್ತ ಕುಳಿತವರಿಗೆ ಅದು ಘಮ. ಗಂಟೆಗಟ್ಟಲೆ ತಲೆ ಮೇಲೆ ಹೊರುವವಳಿಗೆ ಅದೇ ಕಾಟ, ಅಲ್ವಾ? ಕೊನೆಗೆ ಬಿಳಿ ಮತ್ತು ಹಳದಿಯ ಸಣ್ಣ ಸೇವಂತಿಗೆಯನ್ನೇ ಮುಖ್ಯ ಮಾಡಿದೆ. ನಡುನಡುವೆ ಅಬ್ಬಲಿಗೆ, ಅದಕ್ಕೆ ವಾಸನೆಯೇ ಇಲ್ಲ. ಸುಗಂಧರಾಜದ್ದು ಅರಳದ ಮೊಗ್ಗು ಮಾತ್ರ, ಅದೂ ಹಿಂದುಗಡೆ ನಾಲ್ಕಾರು. ಎಲೆಗೆ ನಮ್ಮ ಕಾಂಪೌಂಡಿನ ಕಾಮಿನಿ ಗಿಡ ಇತ್ತು. ಬೊಕೆ ಕಟ್ಟುವವರು ಬಳಸುವುದೂ ಅದನ್ನೇ. ಹಸಿರು ಸೀರೆಗೆ ಹಳದಿ, ಬಿಳಿ, ಕೇಸರಿ ಚೆನ್ನಾಗಿಯೇ ಒಪ್ಪಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅಂಗಳದಲ್ಲೆಲ್ಲ ಕಣಗಿಲೆ ಇರುತ್ತದೆ. ಹೂವು ಚೆಂದ, ಪುಕ್ಕಟೆ ಬೇರೆ. ಆದರೆ ಅದರ ಎಲೆ, ಹೂವು, ಹಾಲು ಎಲ್ಲವೂ ವಿಷ. ಬಸುರಿ ಅಥವಾ ಚಿಕ್ಕ ಮಕ್ಕಳ ತಲೆಗೆ ಅದನ್ನು ಏರಿಸಬೇಡಿ. ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಹಿಂದಿನ ಸಂಜೆ ಹೂವು ತಂದೆ. ಸೇವಂತಿಗೆಯನ್ನು ದಂಟಿನ ಸಮೇತವೇ ಕೇಳಿ ತರಬೇಕು. ಕಿಲೋ ಲೆಕ್ಕದ ಬಿಡಿ ಹೂವು ಹಾರಕ್ಕೆ ಸರಿ, ಇದಕ್ಕೆ ಆಗಲ್ಲ. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನಿಲ್ಲಿಸಿದೆ. ಹೊಟ್ಟೆ ತುಂಬ ನೀರು ಕುಡಿದ ಹೂವು ಮರುದಿನ ತಾಳುತ್ತದೆ. ಬಕೆಟ್ಟನ್ನು ಹಣ್ಣಿನ ಬುಟ್ಟಿಯ ಹತ್ತಿರ ಇಡಲಿಲ್ಲ. ಮಾಗುವ ಬಾಳೆಹಣ್ಣಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ, ಅದಕ್ಕೆ ಹೂವು ಬೇಗ ಬಾಡುತ್ತವೆ. ಕುಬುಸದ ಮನೆಯಲ್ಲಿ ಹಣ್ಣು, ಹೂವು ಒಂದೇ ಮೂಲೆಗೆ ಸೇರುವುದೇ ಹೆಚ್ಚು.

ಚೌಕಟ್ಟಿಗೆ ಹಾರ್ಡ್‌ವೇರ್ ಅಂಗಡಿಯ ಬೈಂಡಿಂಗ್ ವೈರ್ ಸಾಕು. ಎರಡೆಳೆ ಮಾಡಿ ಹೊಸೆದರೆ ಗಟ್ಟಿಯಾಗುತ್ತದೆ. ತಲೆಯ ಅಳತೆಯನ್ನು ಜಡೆ ಹೆಣೆದ ಮೇಲೆಯೇ ತೆಗೆದುಕೊಳ್ಳಬೇಕು, ಬರೀ ತಲೆಗೆ ಅಲ್ಲ. ಹಿಂದೆ ಮೂರು ಬೆರಳಿನಷ್ಟು ಖಾಲಿ ಬಿಟ್ಟು ಎರಡೂ ತುದಿಗೆ ಕುಣಿಕೆ ಮಾಡಿದೆ. ಕುಣಿಕೆಗೆ ರಿಬ್ಬನ್ ಹಾಕಿದರೆ ಬಿಗಿ, ಸಡಿಲ ಮಾಡಿಕೊಳ್ಳಬಹುದು. ತಂತಿಯ ಮೇಲೆ ಹಳೆಯ ಕಾಟನ್ ಸೀರೆಯ ಪಟ್ಟಿ ಸುತ್ತಿದೆ. ಇದು ಬಹಳ ಮುಖ್ಯ. ಕಬ್ಬಿಣದ ತಂತಿ ಹಸಿಯಾದರೆ ತುಕ್ಕಿನ ಕಲೆ ಬಿಡುತ್ತದೆ, ಹಣೆಗೂ ಚುಚ್ಚುತ್ತದೆ. ಮೇಲಾಗಿ ಹೇರ್‌ಪಿನ್ ಕಚ್ಚಿಕೊಳ್ಳಲು ಬಟ್ಟೆ ಬೇಕೇ ಬೇಕು.

ಕಟ್ಟಿದ್ದು ಬೆಳಗಿನ ಜಾವ, ಬಿಸಿಲು ಏರುವ ಮೊದಲು. ಹೂವನ್ನು ಬೋರಲು ಹಿಡಿದು ಮೆಲ್ಲಗೆ ಕೊಡವಿದೆ. ಸೇವಂತಿಗೆಯ ಒಳಗೆ ಸಣ್ಣ ಹುಳ, ಇರುವೆ ಅಡಗಿರುತ್ತವೆ. ದಂಟನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ಎರಡು ಹೂವು, ಒಂದು ಎಲೆ ಸೇರಿಸಿ ಸಣ್ಣ ಗೊಂಚಲು ಮಾಡಿಕೊಂಡೆ. ಎಲ್ಲ ಗೊಂಚಲನ್ನೂ ಮೊದಲೇ ಮಾಡಿ ಸಾಲಾಗಿ ಜೋಡಿಸಿಟ್ಟರೆ ಆಮೇಲೆ ಕೈ ನಿಲ್ಲುವುದಿಲ್ಲ. ಕಟ್ಟಲು ನೆನೆಸಿದ ಬಾಳೆ ನಾರು. ದಾರ ಎಳೆದರೆ ಮೆತ್ತನೆಯ ದಂಟು ಕತ್ತರಿಸಿ ಹೋಗುತ್ತದೆ, ನಾರು ಹಾಗೆ ಮಾಡುವುದಿಲ್ಲ. ಎಡಗಡೆ ಹಿಂದಿನಿಂದ ಶುರು ಮಾಡಿ ಒಂದೇ ದಿಕ್ಕಿಗೆ ಸಾಗಿದೆ. ಹೊಸ ಗೊಂಚಲಿನ ಹೂವು ಹಿಂದಿನದರ ದಂಟನ್ನು ಮುಚ್ಚಬೇಕು, ಅಷ್ಟೇ ಗುಟ್ಟು. ಅಬ್ಬಲಿಗೆಯನ್ನು ಮಾತ್ರ ಬೇರೆಯಾಗಿ ಮಾಲೆ ಕಟ್ಟಿ ಕೊನೆಗೆ ಸಂದಿಗಳಲ್ಲಿ ಸುತ್ತಿದೆ. ಇದ್ದುದರಲ್ಲೇ ದೊಡ್ಡ ಹೂವುಗಳನ್ನು ನಟ್ಟನಡುವೆ ಇಡದೆ ಎಡ ಹುಬ್ಬಿನ ಮೇಲಕ್ಕೆ ಬರುವ ಹಾಗೆ ಇಟ್ಟೆ. ನಡುವೆ ಇಟ್ಟರೆ ಬಾಸಿಂಗದ ಹಾಗೆ ಕಾಣುತ್ತದೆ, ಬೈತಲೆ ಬೊಟ್ಟೂ ಮುಚ್ಚಿಹೋಗುತ್ತದೆ.

ಭಾರ ಪಾವ್ ಕಿಲೋ ದಾಟದಂತೆ ನೋಡಿಕೊಂಡೆ. ಅಡುಗೆಮನೆಯ ತಕ್ಕಡಿಗೆ ಎರಡೆರಡು ಸಲ ಏರಿಸಿದ್ದಕ್ಕೆ ಮನೆಯವರು "ಬಂಗಾರ ತೂಗಿದಂಗ ತೂಗ್ತಿ" ಅಂತ ಚೇಷ್ಟೆ ಮಾಡಿದರು. ಆದರೆ ಹೊರುವ ಕುತ್ತಿಗೆ ಅವರದಲ್ಲವಲ್ಲ!

ಮುಡಿಸುವವರೆಗೆ ಹಸಿ ಬಟ್ಟೆ ಹಾಸಿದ ಪರಾತದಲ್ಲಿಟ್ಟು, ಮೇಲೆ ಇನ್ನೊಂದು ಹಿಂಡಿದ ಬಟ್ಟೆ ಹೊದಿಸಿ ಕೂಲರ್ ಇರುವ ಕೋಣೆಯಲ್ಲಿ ಇಟ್ಟಿದ್ದೆ. ಕೂಲರ್ ಗಾಳಿಯಲ್ಲಿ ತೇವ ಇರುತ್ತದೆ. ಎಸಿ ಗಾಳಿ ಒಣಗಿಸುತ್ತದೆ. ನೀರು ಚಿಮುಕಿಸಿದ್ದು ಎಲೆಗೆ ಮಾತ್ರ. ಬಿಳಿ ಎಸಳಿನ ಮೇಲೆ ಹನಿ ನಿಂತರೆ ಕಂದು ಕಲೆ ಬೀಳುತ್ತದೆ.

ಮಧ್ಯಾಹ್ನ ಮುಡಿಸಿದ್ದು ಸಂಜೆ ಫೋಟೊ ಮುಗಿಯುವವರೆಗೆ ನಿಂತಿತು. ಒಂದೆರಡು ಕಾಮಿನಿ ಎಲೆ ಉದುರಿದ್ದವು, ಅಷ್ಟೇ. ತಂತಿ, ಪಟ್ಟಿ ಬಿಚ್ಚಿ ಎತ್ತಿಟ್ಟಿದ್ದೇನೆ. ಓಣಿಯಲ್ಲಿ ಇನ್ನೊಬ್ಬರು ಶ್ರಾವಣಕ್ಕೆ ಕೇಳಿದ್ದಾರೆ. ಆಗ ಬಿಸಿಲು ಕಡಿಮೆ, ಹೂವಿನ ರೇಟು ಜಾಸ್ತಿ. ಸೇವಂತಿಗೆಗೆ ಮೊದಲೇ ಹೇಳಿ ಇಡಬೇಕು.