ವಾಂತಿ ನಿಂತ ಮೇಲೂ ಎರಡು ದಿನ ಎಣಿಸಿ

ಕಳೆದ ಜನವರಿ. ಸೋಮವಾರ ರಾತ್ರಿ 2 ಗಂಟೆಗೆ ನನ್ನ ಆರು ವರ್ಷದ ಮಗ ಹಾಸಿಗೆ ಮೇಲೇ ವಾಂತಿ ಮಾಡಿಕೊಂಡ. ಬೆಳಗಾಗುವಷ್ಟರಲ್ಲಿ ಐದು ಸಲ ಆಯಿತು. ಆಮೇಲೆ ನೀರು ನೀರಾಗಿ ಭೇದಿ. ಬುಧವಾರ ಮಧ್ಯಾಹ್ನ ಎಲ್ಲ ನಿಂತು, "ಅಮ್ಮಾ, ಹಸಿವು" ಅಂದ. ಹೋದ ಜೀವ ಬಂದಂತಾಯಿತು. ಅವತ್ತು ರಾತ್ರಿ ನಮ್ಮತ್ತೆ ಮೊಸರನ್ನ ಕಲಸಿ, ಅವನಿಗೊಂದು ತುತ್ತು, ತಮಗೊಂದು ತುತ್ತು ಅಂತ ಒಂದೇ ತಟ್ಟೆಯಲ್ಲಿ ಉಂಡರು. ನಾನು ಖುಷಿಯಿಂದ ನೋಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಅತ್ತೆ ಬಚ್ಚಲ ಬಾಗಿಲು ಹಿಡಿದು ಕೂತಿದ್ದರು. 72 ವರ್ಷದವರು, ಡ್ರಿಪ್ ಹಾಕಿಸಬೇಕಾಯಿತು.

ನೋರೋವೈರಸ್ ಇರಬೇಕು ಅಂದರು ಡಾಕ್ಟರ್. ಅದು ಒಳಗೆ ಹೋದ 12ರಿಂದ 48 ಗಂಟೆಯಲ್ಲಿ ಕಾಯಿಲೆ ಶುರು. ಒಂದರಿಂದ ಮೂರು ದಿನದಲ್ಲಿ ವಾಸಿ. ಆದರೆ ಅಂಟುವುದು ಅಲ್ಲಿಗೆ ನಿಲ್ಲುವುದಿಲ್ಲ. ಕಾಯಿಲೆ ಇದ್ದಾಗ ಮತ್ತು ವಾಸಿಯಾದ ಮೊದಲ ಕೆಲವು ದಿನ ಅಂಟುವುದು ಜಾಸ್ತಿ. ಮಲದಲ್ಲಂತೂ ಎರಡು ವಾರ, ಕೆಲವರಿಗೆ ಇನ್ನೂ ಜಾಸ್ತಿ ದಿನ ವೈರಸ್ ಹೋಗುತ್ತಿರುತ್ತದೆ. ಚಿಕ್ಕ ಮಕ್ಕಳಿಗೆ ಬರುವ ರೋಟಾವೈರಸ್ ಆದರೆ ಭೇದಿಯೇ 3ರಿಂದ 8 ದಿನ ಇರಬಹುದು. ಅದು ಬರದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿಗೆ 6, 10, 14 ವಾರ ಆದಾಗ ಉಚಿತವಾಗಿ ಲಸಿಕೆಯ ಹನಿ ಹಾಕುತ್ತಾರೆ, ತಪ್ಪಿಸಬೇಡಿ.

ಈಗ ನಮ್ಮ ಮನೆಯಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ, ಕೊನೆಯ ವಾಂತಿ ಅಥವಾ ಭೇದಿ ಆದ ಹೊತ್ತನ್ನು ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಅಲ್ಲಿಂದ ಪೂರ್ತಿ 48 ಗಂಟೆ ಶಾಲೆ ಇಲ್ಲ, ಮದುವೆ ಇಲ್ಲ, ಒಂದೇ ತಟ್ಟೆ ಇಲ್ಲ. ಕಾಯಿಲೆ ಬಿದ್ದವಳು ನಾನೇ ಆದರೆ ಒಲೆ ಹತ್ತಿರ ಹೋಗುವುದಿಲ್ಲ. ಆ ಎರಡು ದಿನ ಯಜಮಾನರದೇ ಅಡುಗೆ.

ಕೈಗೆ ಸೋಪು, ನೀರೇ ಬೇಕು. ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ನಾಟುವುದಿಲ್ಲ. ವಾಂತಿ ಬಿದ್ದ ಜಾಗವನ್ನು ಮೊದಲು ಹಳೇ ಪೇಪರಿನಿಂದ ಬಳಿದು ತೆಗೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 100 ಮಿ.ಲೀ. ಬ್ಲೀಚ್ (ಬಾಟಲಿ ಮೇಲೆ 5% ಅಂತ ಇರುವುದು) ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತದೆ. ಬಚ್ಚಲ ಚಿಲಕ, ನಲ್ಲಿ, ಮಗ್ಗಿನ ಹಿಡಿಯನ್ನೂ ಒರೆಸಿ. ಅವನ್ನು ಎಲ್ಲರೂ ಮುಟ್ಟುತ್ತಾರೆ ಅಲ್ವಾ?

ಕುಡಿಯಲು ಓಆರ್‌ಎಸ್. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧರ್ಧ ಮಾಡಬೇಡಿ. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಕೊಡಿ. ನನ್ನ ಮಗನಿಗೆ ಲೋಟದಲ್ಲಿ ಕೊಟ್ಟದ್ದೆಲ್ಲ ವಾಪಸ್ ಬಂತು, ಚಮಚದಲ್ಲಿ ಕೊಟ್ಟದ್ದು ಉಳಿಯಿತು.

ಆರೇಳು ಗಂಟೆ ಮೂತ್ರ ಹೋಗದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.